ಕಂತು ಕೇಳಬೇಡ, ಒಟ್ಟು ಕೇಳು

ಪುಟ್ಟೀ,

ಸಂಬಳ ಶುರುವಾದ ಮೇಲೆ ನಿನ್ನ ಫೋನಿಗೆ ಬರುವ ಕರೆಗಳಲ್ಲಿ ಅರ್ಧದಷ್ಟು ಸಾಲ ಕೊಡುತ್ತೇವೆ ಅನ್ನುವವರದ್ದೇ ಇರುತ್ತದೆ. ಪ್ರೀ ಅಪ್ರೂವ್ಡ್ ಲೋನು, ಲೈಫ್‌ಟೈಮ್ ಫ್ರೀ ಕಾರ್ಡು, ಡೌನ್ ಪೇಮೆಂಟ್ ಇಲ್ಲದ ಸ್ಕೂಟರು. ತಿಂಗಳಿಗೆ ಇಷ್ಟೇ ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ನಿಮ್ಮತ್ತೆ ಬ್ಯಾಂಕಿನ ಸಾಲದ ಸೆಕ್ಷನ್ನಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು, ಆದ್ದರಿಂದ ಹೇಳುತ್ತೇನೆ ಕೇಳು. ಕಂತು ಎಷ್ಟು ಅಂತ ಕೇಳಿದರೆ ನಿನ್ನ ಸಂಬಳಕ್ಕೆ ಹೊಂದುವ ಉತ್ತರ ಕೊಡುವುದು ಅವರಿಗೆ ಕಷ್ಟವಲ್ಲ, ಅವಧಿ ಎಳೆದರೆ ಎಂಥ ಸಾಲದ ಕಂತೂ ಚಿಕ್ಕದಾಗುತ್ತದೆ. ಕೊನೆಯ ಕಂತು ಮುಗಿಯುವಷ್ಟರಲ್ಲಿ ನನ್ನ ಕೈಯಿಂದ ಒಟ್ಟು ಎಷ್ಟು ಹೋಗಿರುತ್ತದೆ ಅಂತ ಕೇಳು. ಆಮೇಲೆ ಒಂದು ರಾತ್ರಿ ಕಳೆಯಲಿ. ಸಹಿ ಮರುದಿನ ಹಾಕಿದರೂ ನಡೆಯುತ್ತದೆ.

ಸ್ಕೂಟರ್ ಸಾಲವನ್ನೇ ತಗೋ. ಷೋರೂಮಿನಲ್ಲಿ ಮೇಜು ಹಾಕಿಕೊಂಡು ಕೂತ ಫೈನಾನ್ಸ್ ಹುಡುಗ, "ಲಕ್ಷಕ್ಕೆ ಬರೀ ಹತ್ತು ಪರ್ಸೆಂಟ್ ಮೇಡಂ, ಮೂರು ವರ್ಷ, ಕಂತು 3,611" ಅನ್ನುತ್ತಾನೆ. ಕೇಳಲು ಚೆನ್ನಾಗಿಯೇ ಇದೆ. ಒಂದು ಚೀಟಿ ತಗೊಂಡು ಲೆಕ್ಕ ಹಾಕು. ವರ್ಷಕ್ಕೆ ಹತ್ತು ಸಾವಿರ ಬಡ್ಡಿ, ಮೂರು ವರ್ಷಕ್ಕೆ ಮೂವತ್ತು ಸಾವಿರ. ಅಸಲು ಸೇರಿ 1,30,000. ಅದನ್ನು 36ರಿಂದ ಭಾಗಿಸಿದರೆ 3,611 ಸರಿಯಾಗಿಯೇ ಬರುತ್ತದೆ. ತೊಂದರೆ ಎಲ್ಲಿದೆ ಅಂದರೆ, ನೀನು ತಿಂಗಳು ತಿಂಗಳೂ ಅಸಲು ತೀರಿಸುತ್ತಾ ಬರುತ್ತೀಯ, ಮೂರನೇ ವರ್ಷದ ಹೊತ್ತಿಗೆ ಉಳಿದಿರುವುದು ಸ್ವಲ್ಪ ಸಾಲ, ಆದರೆ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಲಕ್ಷಕ್ಕೇ ಬೀಳುತ್ತಿರುತ್ತದೆ. ಇದಕ್ಕೆ ಫ್ಲಾಟ್ ರೇಟ್ ಅನ್ನುತ್ತಾರೆ. ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕುವ ಲೆಕ್ಕದಲ್ಲಿ ಇದೇ ಸಾಲದ ದರ ಹೆಚ್ಚುಕಮ್ಮಿ ನೂರಕ್ಕೆ ಹದಿನೆಂಟು ಆಗುತ್ತದೆ. ಅದೇ ಒಂದು ಲಕ್ಷವನ್ನು ಬ್ಯಾಂಕು ಬಾಕಿಯ ಮೇಲೆ ಹತ್ತು ಪರ್ಸೆಂಟಿಗೆ ಕೊಟ್ಟರೆ ಕಂತು 3,227, ಒಟ್ಟು ಬಡ್ಡಿ ಸುಮಾರು 16,000. ಎರಡು ಕಡೆಯೂ ಬೋರ್ಡಿನ ಮೇಲೆ ಹತ್ತು ಅಂತಲೇ ಬರೆದಿರುತ್ತದೆ, ನಿನ್ನ ಕೈಯಿಂದ ಹೋಗುವುದರಲ್ಲಿ ಹದಿನಾಲ್ಕು ಸಾವಿರದ ಹತ್ತಿರ ವ್ಯತ್ಯಾಸ. ಪ್ರೊಸೆಸಿಂಗ್ ಫೀ, ದಾಖಲೆ ಖರ್ಚು, ಸಾಲದ ಜೊತೆ ತಗುಲಿಸುವ ಇನ್ಶೂರೆನ್ಸ್ ಇನ್ನೂ ಇದರಲ್ಲಿ ಸೇರಿಲ್ಲ.

ಈಗ ಈ ಲೆಕ್ಕವನ್ನು ನೀನೇ ಹಾಕಬೇಕಾಗಿಯೂ ಇಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಇಂಥ ಸಾಲಕ್ಕೆ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಕಾಗದ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ಆದೇಶವಿದೆ. ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನುವುದು ಅದರಲ್ಲಿ ಎಪಿಆರ್ ಅಂತ ಇರುತ್ತದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತಲೂ ಆ ಆದೇಶ ಹೇಳುತ್ತದೆ, ಹಾಗಾಗಿ ನಿಮ್ಮಪ್ಪ ಸಾಲಕ್ಕೆ ಹೋದರೆ ಕನ್ನಡದಲ್ಲೇ ಕೇಳಬಹುದು, ಕೇಳಬೇಕು. ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನದ ಗಡುವೂ ಅದರಲ್ಲೇ ಇದೆ. ವಾರಕ್ಕಿಂತ ಚಿಕ್ಕ ಅವಧಿಯ ಸಾಲಕ್ಕೆ ಮಾತ್ರ ಒಂದು ದಿನ. "ಇವತ್ತು ಸಂಜೆವರೆಗೆ ಮಾತ್ರ ಈ ಆಫರ್" ಅನ್ನುವವನಿಗೆ ಈ ನಿಯಮ ನೆನಪಿಸು. ಆ ಕಾಗದ ಕೊಡಲು ಹಿಂದೆಮುಂದೆ ನೋಡುವವರಿಂದ ಸಾಲ ತಗೋಬೇಡ, ಅವರ ಆಫೀಸು ಎಷ್ಟೇ ತಣ್ಣಗಿದ್ದರೂ.

ಕ್ರೆಡಿಟ್ ಕಾರ್ಡ್ ಬೇಡ ಅಂತ ನಾನು ಹೇಳುವುದಿಲ್ಲ. ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟುವವರಿಗೆ ಅದರಿಂದ ಅನುಕೂಲವೇ. ಆದರೆ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ ಅಂತ ಒಂದು ಚಿಕ್ಕ ಮೊತ್ತ ಇರುತ್ತದಲ್ಲ, ಅದನ್ನು ನೋಡಿಯೂ ನೋಡದ ಹಾಗೆ ಇರು. ನಮ್ಮ ಊರಲ್ಲಿ ಕೈಸಾಲಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಜನ ಹೌಹಾರುತ್ತಾರೆ. ಬಾಕಿ ಉಳಿಸಿದ ಕಾರ್ಡಿನದು ಸಾಮಾನ್ಯವಾಗಿ ಮೂರೂವರೆ ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ನೂರಕ್ಕೆ 42. ಐವತ್ತು ಸಾವಿರದ ಬಿಲ್ಲಿಗೆ ಮಿನಿಮಮ್ ಅಂತ ಐದು ಪರ್ಸೆಂಟ್, 2,500 ಕಟ್ಟಿದೆ ಅನ್ನು. ಒಂದು ತಿಂಗಳ ಬಡ್ಡಿ 1,750, ಆ ಬಡ್ಡಿಯ ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ 315. ಎರಡೂ ಕಳೆದರೆ ನಿನ್ನ ಸಾಲ ಇಳಿದದ್ದು 435 ರೂಪಾಯಿ. ಇದರ ಮೇಲೆ ಇನ್ನೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಬಾಕಿ ಇರುವಾಗ ಹೊಸದಾಗಿ ತಗೊಂಡ ಸಾಮಾನಿಗೂ ಆ ದಿನದಿಂದಲೇ ಬಡ್ಡಿ ಶುರು, ಬಡ್ಡಿಯಿಲ್ಲದ ದಿನಗಳ ಸವಲತ್ತು ಹೋಗಿಬಿಡುತ್ತದೆ. ಆಟೋ ಪೇ ಹಾಕುವಾಗ ಟೋಟಲ್ ಡ್ಯೂ ಅನ್ನುವುದನ್ನೇ ಆರಿಸು. ಕಾರ್ಡಿನ ಬಾಕಿ ಈಗಾಗಲೇ ಏರಿರುವ ಗೆಳತಿಯರು ನಿನ್ನನ್ನು ಕೇಳಿದರೆ, ಮನೆಯ ಬೀರುವಿನಲ್ಲಿರುವ ಬಳೆಯನ್ನು ಬ್ಯಾಂಕಿನಲ್ಲಿಟ್ಟು ಕಡಿಮೆ ಬಡ್ಡಿಗೆ ದುಡ್ಡು ತಂದು ಆ ಬಾಕಿ ತೀರಿಸಲು ಹೇಳು. ಒಡವೆ ಅಡ ಇಡುವುದರಲ್ಲಿ ಅವಮಾನ ಏನೂ ಇಲ್ಲ, ವಾಯಿದೆ ಮರೆತು ಹರಾಜಿನ ನೋಟಿಸು ಬರುವಂತೆ ಮಾಡಿಕೊಳ್ಳಬಾರದು ಅಷ್ಟೇ.

ಇನ್ನು ಜಾಮೀನು. ಇದರಲ್ಲಿ ನೀನು ನನ್ನ ಮಾತು ಮೀರಬಾರದು ಅಂತ ನನ್ನ ಆಸೆ.

ಒಬ್ಬ ಹೈಸ್ಕೂಲ್ ಮೇಷ್ಟ್ರು ನಮ್ಮ ಬ್ರಾಂಚಿಗೆ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗಳ ಕಾಲೇಜು ಫೀಸಿಗೆ ಡಿ.ಡಿ. ತೆಗೆಸಲು ಚಲನ್ ತುಂಬಿಕೊಂಡು ಬಂದಿದ್ದರು. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ ಅವರನ್ನು ನನ್ನ ಮೇಜಿಗೆ ಕಳಿಸಿದ, ಖಾತೆಗೆ ಹೋಲ್ಡ್ ಬಿದ್ದಿತ್ತು. ಸಹೋದ್ಯೋಗಿಯೊಬ್ಬರ ಸಾಲಕ್ಕೆ ಇವರು ಜಾಮೀನು ಹಾಕಿದ್ದರು. ಆತ ಬೇರೆ ಜಿಲ್ಲೆಗೆ ವರ್ಗವಾಗಿ ಹೋದವರು ಕಂತು ಕಟ್ಟುವುದನ್ನೇ ನಿಲ್ಲಿಸಿದ್ದರು. "ಮೇಡಂ, ದುಡ್ಡು ತಗೊಂಡಿದ್ದು ಅವರು. ನಾನು ಬರೀ ಸಹಿ ಹಾಕಿದ್ದು" ಅಂದರು. ನಾನು ಫೈಲು ತೆಗೆದು ಜಾಮೀನು ಪತ್ರದ ಕೊನೇ ಪುಟ ಅವರ ಮುಂದೆ ಇಟ್ಟೆ. ಗುಂಡಗಿನ ಅಕ್ಷರ, ಹೆಸರಿನ ಕೆಳಗೆ ಒಂದು ಗೀಟು, ಎರಡು ಚುಕ್ಕೆ. ಸಹಿ ಅವರದ್ದೇ. ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದರು. ಆ ಪುಟವನ್ನು ಅವರು ಓದುತ್ತಿದ್ದದ್ದು ಅದೇ ಮೊದಲು ಅನ್ನುವುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕಾನೂನು ಸಾಲಗಾರನಿಗೂ ಜಾಮೀನುದಾರನಿಗೂ ವ್ಯತ್ಯಾಸ ಮಾಡುವುದಿಲ್ಲ ಕಣೇ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. ಮೊದಲು ಅವನ ಆಸ್ತಿ ಮುಟ್ಟಿ ಆಮೇಲೆ ನನ್ನ ಹತ್ತಿರ ಬನ್ನಿ ಅಂತ ಹೇಳುವ ಹಕ್ಕು ನಿನಗಿರುವುದಿಲ್ಲ. ಅವನು ಕಂತು ತಪ್ಪಿಸಿದ್ದು ನಿನ್ನ ಸಿಬಿಲ್ ವರದಿಯಲ್ಲೂ ಕಾಣುತ್ತದೆ. ನಾಳೆ ನಿನ್ನ ಮನೆ ಸಾಲಕ್ಕೆ ಅದೇ ಅಡ್ಡ ಬರಬಹುದು. ಹತ್ತಿರದವರು ಕೇಳಿದಾಗ ಇಲ್ಲ ಅನ್ನುವುದು ಕಷ್ಟ, ಗೊತ್ತು. ನನ್ನ ಹೆಸರು ಹೇಳು. "ನಮ್ಮತ್ತೆಗೆ ಮಾತು ಕೊಟ್ಟಿದ್ದೀನಿ, ಜಾಮೀನು ಹಾಕಲ್ಲ" ಅನ್ನು. ಬೈಗುಳ ನನಗೆ ಬರಲಿ, ಪರವಾಗಿಲ್ಲ. ನಿಜವಾಗಿ ಕಷ್ಟದಲ್ಲಿರುವವರಾದರೆ, ವಾಪಸು ಬಾರದಿದ್ದರೂ ನಿನ್ನ ಮನಸ್ಸು ಕೆಡದಷ್ಟು ದುಡ್ಡನ್ನು ಕೈಯಾರೆ ಕೊಟ್ಟುಬಿಡು. ಸಂಬಂಧವೂ ಉಳಿಯುತ್ತದೆ, ಹೊಣೆಯೂ ಅಲ್ಲಿಗೇ ಮುಗಿಯುತ್ತದೆ.

ಹೆಣ್ಣುಮಕ್ಕಳಿಗೆ ಇದರ ಜೊತೆಗೇ ಇನ್ನೊಂದು ಹೇಳಬೇಕು. ಮನೆ ಸಾಲದ ಅರ್ಜಿಯಲ್ಲಿ ಹೆಂಡತಿಯನ್ನೋ ತಂಗಿಯನ್ನೋ ಸಹ ಅರ್ಜಿದಾರಳಾಗಿ ಸೇರಿಸುತ್ತಾರೆ, ಇಬ್ಬರ ಸಂಬಳ ಸೇರಿದರೆ ದೊಡ್ಡ ಸಾಲ ಸಿಗುತ್ತದೆ ಅಂತ. ಅಲ್ಲಿಯವರೆಗೂ ಸರಿ. ಆದರೆ ಕ್ರಯಪತ್ರ ತೆಗೆದು ನೋಡಿದರೆ ಎಷ್ಟೋ ಸಲ ಗಂಡನ ಹೆಸರು ಒಂದೇ ಇರುತ್ತಿತ್ತು. ಇಪ್ಪತ್ತು ವರ್ಷ ಕಂತಿಗೆ ಅವಳೂ ಹೊಣೆ, ಮನೆಯಲ್ಲಿ ಅವಳಿಗೆ ಕಾಗದದ ಮೇಲೆ ಒಂದು ಇಟ್ಟಿಗೆಯೂ ಇಲ್ಲ. ಮನೆಯ ಒಡೆತನದಲ್ಲಿ ಪಾಲಿಲ್ಲದವಳಿಗೆ ಆ ಸಾಲದ ಮೇಲಿನ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ. ನಾಳೆ ನಿನ್ನ ಮದುವೆಯಾಗಿ ಇಂಥ ಸಂದರ್ಭ ಬಂದರೆ, ಸಾಲದ ಪತ್ರದಲ್ಲಿ ನನ್ನ ಹೆಸರಿದ್ದರೆ ರಿಜಿಸ್ಟ್ರೇಷನ್ನಿನಲ್ಲೂ ಇರಬೇಕು ಅಂತ ನಗುನಗುತ್ತಲೇ ಹೇಳು. ಇದು ಅಪನಂಬಿಕೆಯ ಮಾತಲ್ಲ. ಒಳ್ಳೆಯ ಮನಸ್ಸಿನ ಹುಡುಗನಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ನಿನ್ನ ಸಂಬಳದ ಖಾತೆ ಯಾವತ್ತೂ ನಿನ್ನ ಹೆಸರಿನಲ್ಲೇ, ನಿನ್ನ ಕೈಯಲ್ಲೇ ಇರಲಿ.

ಉಳಿಸುವ ವಿಷಯಕ್ಕೆ ಬರೋಣ. ಖರ್ಚು ಕಳೆದು ಉಳಿದದ್ದನ್ನು ಉಳಿಸುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಸಂಬಳ ಬಿದ್ದ ಮರುದಿನವೇ ಆರ್.ಡಿ.ಗೆ ತಾನಾಗಿ ಕಟ್ಟಾಗುವ ಹಾಗೆ ಮಾಡು. ಆರು ತಿಂಗಳ ಮನೆ ಖರ್ಚಿನಷ್ಟು ಸೇರುವವರೆಗೆ ಷೇರು, ಮ್ಯೂಚುವಲ್ ಫಂಡ್ ಅಂತ ತಲೆ ಕೆಡಿಸಿಕೊಳ್ಳಬೇಡ. ಆ ದುಡ್ಡಿಗೆ ಬಡ್ಡಿ ಎಷ್ಟು ಅನ್ನುವುದು ಮುಖ್ಯವಲ್ಲ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಸಿಗುತ್ತದಾ ಅನ್ನುವುದೇ ಮುಖ್ಯ. ನಿನ್ನ ಪಿ.ಎಫ್. ಅನ್ನೂ ಮುಟ್ಟಬೇಡ. ಕಂಪನಿ ಬದಲಿಸಿದಾಗೆಲ್ಲ ಹುಡುಗರು ಅದನ್ನು ತೆಗೆದು ಪ್ರವಾಸ ಹೋಗುವುದನ್ನು ನೋಡಿದ್ದೇನೆ. ಅದೇ ಯುಎಎನ್ ನಂಬರಿಗೆ ಹೊಸ ಕಂಪನಿಯದನ್ನೂ ಸೇರಿಸಿ ಹಳೆಯದನ್ನು ವರ್ಗಾಯಿಸಿಕೋ. 2024-25ರ ಸಾಲಿಗೆ ಅದಕ್ಕೆ ಕೊಟ್ಟ ಬಡ್ಡಿ ನೂರಕ್ಕೆ 8.25. ಐದು ವರ್ಷದ ಸೇವೆ ತುಂಬುವ ಮುಂಚೆ ತೆಗೆದರೆ ತೆರಿಗೆಯೂ ಬೀಳಬಹುದು.

ನಮ್ಮ ಕಡೆ ಉಳಿತಾಯ ಅಂದರೆ ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಇದನ್ನು ಶುರುಮಾಡಿದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಸಂಬಳವೇ ಇಲ್ಲದ ನೇಕಾರರು, ಮೀನು ಮಾರುವವರು, ಸಣ್ಣ ಅಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ದುಡ್ಡು ಕೂಡಿಡುವುದನ್ನು ಕಲಿತದ್ದು ಹೀಗೆ. ಆ ಪದ್ಧತಿಯ ಮೇಲೆ ನನಗೆ ತುಂಬಾ ಗೌರವ. ಆದರೆ ಇವತ್ತು ಪಿಗ್ಮಿ ಕಟ್ಟಿಸಿಕೊಳ್ಳುವವರೆಲ್ಲ ಬ್ಯಾಂಕಿನವರಲ್ಲ. ಪ್ರತಿ ಊರಿನಲ್ಲೂ ಸೌಹಾರ್ದ ಸಹಕಾರಿಗಳಿವೆ, ಪತ್ತಿನ ಸಂಘಗಳಿವೆ. ಹಲವು ಪ್ರಾಮಾಣಿಕವಾಗಿ ನಡೆಯುತ್ತಿವೆ, ಬ್ಯಾಂಕು ಹತ್ತಿರ ಸೇರಿಸದ ಬಡವರಿಗೆ ಸಾಲ ಕೊಡುತ್ತಿವೆ. ಏಷ್ಯಾದಲ್ಲೇ ಮೊದಲ ಸಾಲಿನಲ್ಲಿ ನಿಲ್ಲುವ ಸಹಕಾರ ಸಂಘ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಹುಟ್ಟಿತು, ಇದು ನಮ್ಮ ನೆಲದ ಹೆಮ್ಮೆ. ಹಾಗಿದ್ದರೂ ಒಂದು ವ್ಯತ್ಯಾಸ ನಿನಗೆ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕು ಮುಳುಗಿದರೆ, ಅದು ಸಹಕಾರಿ ಬ್ಯಾಂಕಾದರೂ ಸರಿ, ಠೇವಣಿ ವಿಮಾ ನಿಗಮ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮುಂಚೆ ಇದು ಒಂದೇ ಲಕ್ಷ ಇತ್ತು. ಸೌಹಾರ್ದಕ್ಕಾಗಲಿ ಪತ್ತಿನ ಸಂಘಕ್ಕಾಗಲಿ ಆ ವಿಮೆ ಇಲ್ಲ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಿಮ್ಮಪ್ಪನಿಗೆ ನಿವೃತ್ತಿಯ ದುಡ್ಡು ಬರುವ ಕಾಲ ಹತ್ತಿರವಾಗಿದೆ. ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ, ಅಧ್ಯಕ್ಷರು ನಮಗೆ ಬೇಕಾದವರು ಅಂತ ಅಷ್ಟನ್ನೂ ಒಂದೇ ಕಡೆ ಇಡುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಹತ್ತು ಲಕ್ಷಕ್ಕೆ ಒಂದೂವರೆ ಪರ್ಸೆಂಟ್ ಅಂದರೆ ವರ್ಷಕ್ಕೆ ಹದಿನೈದು ಸಾವಿರ. ಅಷ್ಟರ ಆಸೆಗೆ ಹತ್ತು ಲಕ್ಷವನ್ನೇ ಅಪಾಯಕ್ಕೆ ಒಡ್ಡಬೇಕಾ ಅಂತ ಅಣ್ಣನನ್ನು ಕೂರಿಸಿಕೊಂಡು ಕೇಳು. ನಾನು ಹೇಳಿದರೆ ತಂಗಿ ಹೇಳಿದಳು ಅಂತ ತಳ್ಳಿಹಾಕುತ್ತಾನೆ, ಮಗಳು ಹೇಳಿದರೆ ಕೇಳಿಯಾನು. ಎರಡು ಮೂರು ಬ್ಯಾಂಕಿಗೆ ಹಂಚಲಿ, ಒಂದು ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹೋಗಲಿ. ತಿಂಗಳಿಗೆ ಎರಡು ಮೂರು ಪರ್ಸೆಂಟ್ ಲಾಭ ಅನ್ನುವವರ ಹತ್ತಿರವಂತೂ ಸುಳಿಯುವುದೇ ಬೇಡ. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ ಬಾಗಿಲು ಹಾಕಿದಾಗ ದೂರು ಕೊಡಲು ಸಾಲುಗಟ್ಟಿ ನಿಂತವರಲ್ಲಿ ಮಗಳ ಮದುವೆಗೆ ಇಟ್ಟ ದುಡ್ಡು ಕಳೆದುಕೊಂಡವರು, ವಯಸ್ಸಾದ ಹೆಂಗಸರು ಎಷ್ಟೋ ಜನ ಇದ್ದರು. ಚೀಟಿ ಹಾಕುವುದಾದರೂ 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿಯಾದದ್ದಕ್ಕೇ ಹಾಕು. ನಮ್ಮ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಇನ್ಶೂರೆನ್ಸ್ ಮಾರುವವರು ಸಾಮಾನ್ಯವಾಗಿ ನೆಂಟರೇ ಆಗಿರುತ್ತಾರೆ. ಅದೇ ಕಷ್ಟ. ಮಾರ್ಚ್ ಬಂತೆಂದರೆ ಟ್ಯಾಕ್ಸ್ ಉಳಿಯುತ್ತದೆ ಅಂತ ಒಂದು ಪಾಲಿಸಿ ಹಿಡಿದುಕೊಂಡು ಬರುತ್ತಾರೆ. ನೀನು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಸಿ ರಿಯಾಯಿತಿಯೇ ಇಲ್ಲ, ಆ ಮಾತು ಅಲ್ಲಿಗೇ ಮುಗಿಯಿತು. ಬೇರೆ ಕಾರಣ ಹೇಳಿದರೆ, ನಾನು ಸತ್ತರೆ ಅಪ್ಪ ಅಮ್ಮನಿಗೆ ಎಷ್ಟು ಬರುತ್ತದೆ, ಬದುಕಿದ್ದರೆ ಕಟ್ಟಿದ್ದರ ಮೇಲೆ ವರ್ಷಕ್ಕೆ ಎಷ್ಟು ಬಡ್ಡಿ ಬಿದ್ದ ಹಾಗಾಗುತ್ತದೆ ಅಂತ ಎರಡೇ ಪ್ರಶ್ನೆ ಕೇಳು. ದುಡ್ಡು ವಾಪಸು ಬರುವ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಉತ್ತರ ಚಿಕ್ಕದೇ. ನಿನ್ನ ಸಂಬಳ ನಂಬಿಕೊಂಡವರು ಇದ್ದಾರೆ ಅಂದರೆ ಟರ್ಮ್ ಪಾಲಿಸಿ ತಗೋ, ಉಳಿತಾಯ ಬೇರೆ ಮಾಡು. ಮುಲಾಜಿಗೆ ಬಿದ್ದು ಸಹಿ ಹಾಕಿಬಿಟ್ಟಿದ್ದರೂ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸು ಮಾಡುವ ಹಕ್ಕಿದೆ. ಅಲ್ಪಸ್ವಲ್ಪ ಕಡಿತ ಮಾಡಿ ಉಳಿದ ಪ್ರೀಮಿಯಂ ಹಿಂದಿರುಗಿಸುತ್ತಾರೆ.

ಆರೋಗ್ಯ ವಿಮೆ ಮಾತ್ರ ಕಂಪನಿಯದು ಇದೆ ಅಂತ ಬಿಡಬೇಡ, ಕೆಲಸ ಹೋದ ದಿನ ಅದೂ ಹೋಗುತ್ತದೆ. ಗಟ್ಟಿಮುಟ್ಟಾಗಿರುವಾಗಲೇ ನಿನ್ನದೇ ಒಂದು ಮಾಡಿಸು. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆದ್ದರಿಂದ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿಯನ್ನೂ 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಫಾರಮ್ಮನ್ನು ಏಜೆಂಟ್ ತುಂಬಿಕೊಳ್ಳಲಿ ಅಂತ ಖಾಲಿ ಬಿಟ್ಟು ಸಹಿ ಹಾಕಬೇಡ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಅನ್ನುವುದನ್ನು ಮುಚ್ಚಿಟ್ಟರೆ ಪ್ರೀಮಿಯಂ ಸ್ವಲ್ಪ ಉಳಿಯುತ್ತದೆ, ಆಸ್ಪತ್ರೆ ಬಿಲ್ಲು ಪೂರ್ತಿ ತಲೆಯ ಮೇಲೆ ಬೀಳುತ್ತದೆ. ರೂಮ್ ಬಾಡಿಗೆಗೆ ಮಿತಿ ಇದೆಯಾ ಅಂತಲೂ ನೋಡು. ಮಿತಿ ಮೀರಿದ ರೂಮಿನಲ್ಲಿ ಮಲಗಿದರೆ ಬಾಡಿಗೆಯ ಜೊತೆ ಡಾಕ್ಟರ ಫೀಸು, ಆಪರೇಷನ್ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುವ ಪಾಲಿಸಿಗಳಿವೆ.

ಮೋಸದ ಕರೆಗಳ ಬಗ್ಗೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅಪ್ಪ ಅಮ್ಮನಿಗೆ ನೀನೇ ಹೇಳಿಕೊಡು. ದುಡ್ಡು ತಗೊಳ್ಳಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ವಿಡಿಯೊ ಕಾಲಿನಲ್ಲಿ ಯಾರನ್ನೂ ಅರೆಸ್ಟ್ ಮಾಡುವ ಕಾನೂನು ಈ ದೇಶದಲ್ಲಿಲ್ಲ. ಕರೆ ಕತ್ತರಿಸಿ ಮನೆಯವರ ಹತ್ತಿರ ಮಾತಾಡು ಅಂತ ಯಾವ ಕಳ್ಳನೂ ಹೇಳುವುದಿಲ್ಲ, ಆದ್ದರಿಂದ ಅಪ್ಪ ಅಮ್ಮ ಮೊದಲು ಅದನ್ನೇ ಮಾಡಲಿ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಪಟ್ಟುಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಅಷ್ಟು ಬೇಗ ಕಳ್ಳನ ಖಾತೆಯಲ್ಲಿ ದುಡ್ಡು ತಡೆಯಲು ಸಾಧ್ಯ.

ಈ ಭಾನುವಾರ ಊರಿಗೆ ಹೋದಾಗ ಒಂದು ಕೆಲಸ ಮಾಡು. ಅಣ್ಣನ ಬೀರುವಿನಲ್ಲಿ ಇರುವ ಪಾಸ್‌ಬುಕ್ಕು, ಎಫ್.ಡಿ. ರಸೀದಿ, ಪಾಲಿಸಿ ಬಾಂಡುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದರಲ್ಲೂ ನಾಮಿನಿ ಹೆಸರು ಇದೆಯಾ ನೋಡು. ಹಳೇ ಎಫ್.ಡಿ.ಗಳಲ್ಲಿ ನಮ್ಮ ತಾಯಿಯ ಹೆಸರೇ ಉಳಿದಿರಬಹುದು, ಅವಳು ತೀರಿಕೊಂಡು ಎಷ್ಟು ವರ್ಷವಾಯಿತು. ನಾಮಿನಿ ಬರೆಸದೆ ಹೋದವರ ಹೆಂಡತಿಯರು ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಅಂತ ಕೋರ್ಟು, ವಕೀಲರ ಮನೆ ಅಂತ ಅಲೆಯುವುದನ್ನು ನೋಡಿದವಳು ನಾನು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೂ ನಾಮಿನಿ ಹಾಕಬಹುದು, ಯಾರಿಗೆ ನೂರಕ್ಕೆ ಎಷ್ಟು ಅಂತಲೂ ಬರೆಯಬಹುದು. ನಾಮಿನಿಗೆ ಬ್ಯಾಂಕು ದುಡ್ಡು ಕೊಡುತ್ತದೆ, ಆದರೆ ಬ್ಯಾಂಕ್ ಠೇವಣಿಯ ಮಟ್ಟಿಗೆ ವಾರಸುದಾರರ ಹಕ್ಕು ಹಾಗೆಯೇ ಉಳಿದಿರುತ್ತದೆ, ಅದಕ್ಕಾಗಿ ಉಯಿಲು ಬರೆಯುವ ಮಾತನ್ನೂ ಅಣ್ಣನ ಕಿವಿಗೆ ಹಾಕು. ಬಹಳ ಕಾಲ ಮುಟ್ಟದೆ ಬಿಟ್ಟ ಖಾತೆ ಯಾವುದಾದರೂ ಇದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ಲಿನಲ್ಲಿ ಅಜ್ಜನ ಹೆಸರು, ಅಪ್ಪನ ಹೆಸರು ಎರಡನ್ನೂ ಹಾಕಿ ಹುಡುಕು. ಹೆಸರಿನ ಸ್ಪೆಲ್ಲಿಂಗು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಎರಡು ಮೂರು ರೀತಿ ಬರೆದು ನೋಡು. ಎಲ್ಲದರ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು, ಅದು ಎಲ್ಲಿದೆ ಅಂತ ಅತ್ತಿಗೆಗೆ ತೋರಿಸಿ ಬಾ.

ಇಂತಿ,
ನಿನ್ನ ಅತ್ತೆ